ಮೆಷಿನ್ ಸತ್ತಿಲ್ಲ, ಸಪೋರ್ಟ್ ಸತ್ತಿದೆ

ಉದ್ದದ ಪೋಸ್ಟು. ಪುರುಸೊತ್ತು ಮಾಡ್ಕೊಂಡು ಓದಿ.

"ಓದೋ ಮನೆ ಅಂತ ಬೋರ್ಡು ಹಾಕಿ ಅಲ್ಲಿ ಹುಡುಗರಿಗೆ ಗೇಮ್ ಹಾಕಿಕೊಡ್ತಾ ಕೂತಿದ್ದೀಯಂತಲ್ಲಪ್ಪ" ಅಂತ ನಮ್ಮ ಹಿರಿಯರೊಬ್ಬರು ಫೋನ್ ಮಾಡಿ ಕೇಳಿದರು. ಬೈದಿದ್ದಲ್ಲ, ಬೇಜಾರಿನಲ್ಲಿ ಕೇಳಿದ್ದು. ಧರಣಿ, ಜಾಥಾ ಅಂತ ನಮ್ಮನ್ನೆಲ್ಲ ಕರ್ಕೊಂಡು ಓಡಾಡಿದ ಅಣ್ಣ ಅವರು, ಅವರ ಮೇಲೆ ನನಗೆ ಬಹಳ ಗೌರವ. ಇದೇ ಮಾತನ್ನ ವಾಟ್ಸಾಪಿನಲ್ಲಿ ಇನ್ನೂ ಮೂರ್ನಾಲ್ಕು ಜನ ಕೇಳಿದ್ದಾರೆ. ಒಬ್ಬೊಬ್ಬರಿಗೂ ಬೇರೆಬೇರೆ ಉತ್ತರ ಯಾಕೆ, ಇಲ್ಲೇ ಬರೀತೀನಿ. ಹೌದು, ಗೇಮ್ ಹಾಕಿಕೊಡ್ತಿದ್ದೀನಿ. ಅದೂ ಕಂಪನಿಗಳು "ಇನ್ನು ಇದರಲ್ಲಿ ನಡೆಯಲ್ಲ" ಅಂತ ಕೈ ತೊಳೆದುಕೊಂಡ ವಿಂಡೋಸ್ 7 ಕಂಪ್ಯೂಟರುಗಳಲ್ಲಿ. ಯಾಕೆ ಅನ್ನೋದನ್ನೂ ಹೇಳ್ತೀನಿ, ಹೇಗೆ ಅನ್ನೋದನ್ನೂ ಹೇಳ್ತೀನಿ. "ಹೇಗೆ" ಸ್ವಲ್ಪ ಜಾಸ್ತಿ ಇರುತ್ತೆ. ಬೇರೆ ಊರುಗಳ ನಮ್ಮ ಓದೋ ಮನೆಗಳಲ್ಲೂ ಇಂಥವೇ ಮೆಷಿನ್ ಧೂಳು ಹಿಡಿದು ಕೂತಿರೋದನ್ನ ಕಣ್ಣಾರೆ ನೋಡಿದ್ದೀನಿ.

ನಮ್ಮ ರೂಮಿನಲ್ಲಿ ನಾಲ್ಕು ಕಂಪ್ಯೂಟರ್ ಇವೆ. ಚಂದಾ ಎತ್ತಿ ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದವು. ಯಾವುದೋ ಆಫೀಸು ಮಾರಿದ್ದನ್ನ ಅಂಗಡಿಯವರು ಒರೆಸಿ ಇಟ್ಟಿದ್ದರು. ಡೆಲ್ ಡಬ್ಬ, ಮೂರನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್. ಇಂಟೆಲ್ ಈ ಪ್ರೊಸೆಸರ್ ಬಿಟ್ಟಿದ್ದು 2012ರಲ್ಲಿ. ಡಬ್ಬದ ಮೇಲೆ ವಿಂಡೋಸ್ 7 ಪ್ರೊಫೆಷನಲ್ ಅಂತ ಸ್ಟಿಕ್ಕರ್ ಇನ್ನೂ ಇದೆ, ಅಂದರೆ ಕಳ್ಳ ಕಾಪಿ ಅಲ್ಲ, ಯಾರೋ ದುಡ್ಡು ಕೊಟ್ಟ ವಿಂಡೋಸು. ನುಡಿ ನಡೆಯುತ್ತೆ, ಎಕ್ಸೆಲ್ ನಡೆಯುತ್ತೆ, ವಿಡಿಯೋ ಪಾಠ ನಡೆಯುತ್ತೆ. ಮೆಷಿನ್ನಿನಲ್ಲಿ ಏನೂ ದೋಷ ಇಲ್ಲ. ಇದೊಂದು ಮಾತು ನೆನಪಿಟ್ಟುಕೊಂಡು ಮುಂದೆ ಓದಿ.

ವಿಂಡೋಸ್ 7 ಬಂದಿದ್ದು 2009ರ ಅಕ್ಟೋಬರಿನಲ್ಲಿ. ಮೈಕ್ರೋಸಾಫ್ಟ್ ಅದಕ್ಕೆ ಪುಕ್ಕಟೆ ಸೆಕ್ಯುರಿಟಿ ಅಪ್‌ಡೇಟ್ ಕೊಡೋದನ್ನ 2020ರ ಜನವರಿ 14ಕ್ಕೆ ನಿಲ್ಲಿಸಿತು. ದುಡ್ಡು ಕಟ್ಟಿದ ಕಂಪನಿಗಳಿಗೆ ಮಾತ್ರ ಇನ್ನೂ ಮೂರು ವರ್ಷ, 2023ರ ಜನವರಿ 10ರ ತನಕ ಕೊಟ್ಟಿತು. ಅದೇ ಜನವರಿಯಲ್ಲಿ ಬಂದ ಗೂಗಲ್ ಕ್ರೋಮ್ 109 ವಿಂಡೋಸ್ 7ರಲ್ಲಿ ನಡೆಯೋ ಕೊನೇ ಕ್ರೋಮ್. ಇಷ್ಟಾದ ಮೇಲೆ ಸ್ಟೀಮ್ ಸರದಿ. ಗೊತ್ತಿಲ್ಲದವರಿಗೆ ಹೇಳ್ತೀನಿ: ಸ್ಟೀಮ್ ಅಂದರೆ ಕಂಪ್ಯೂಟರ್ ಗೇಮ್ ಮಾರುವ ಬಹಳ ದೊಡ್ಡ ಅಂಗಡಿ, ಅಮೆರಿಕದ ವಾಲ್ವ್ ಕಂಪನಿಯದು. ಅಂಗಡಿಯೂ ಅದೇ, ಬಾಗಿಲು ಕಾಯೋನೂ ಅದೇ. ಅಲ್ಲಿ ಕೊಂಡ ಆಟಗಳನ್ನ ಇಳಿಸಿಕೊಳ್ಳಬೇಕಾದರೆ ಸ್ಟೀಮ್ ಸಾಫ್ಟ್‌ವೇರ್ ಬೇಕು, ಎಷ್ಟೋ ಆಟ ತೆರೆಯೋದಕ್ಕೂ ಅದೇ ಬೇಕು. 2024ರ ಜನವರಿ 1ರಿಂದ ವಿಂಡೋಸ್ 7, 8, 8.1ಕ್ಕೆ ಸಪೋರ್ಟ್ ಇಲ್ಲ ಅಂತ ವಾಲ್ವ್ 2023ರಲ್ಲೇ ಹೇಳಿಬಿಟ್ಟಿತು. ಕೊಟ್ಟ ಮುಖ್ಯ ಕಾರಣ ಏನಪ್ಪಾ ಅಂದರೆ, ಸ್ಟೀಮ್ ಹೊಟ್ಟೆಯೊಳಗೇ ಒಂದು ಕ್ರೋಮ್ ಕೂತಿದೆ, ಆ ಕ್ರೋಮ್ ಹಳೇ ವಿಂಡೋಸಿನಲ್ಲಿ ನಡೆಯಲ್ಲ.

ಕಾರಣ ಸುಳ್ಳಲ್ಲ. ಆದರೆ ಅದರ ವರಸೆ ನೋಡಿ. ಆಟ ಮಾಡಿದವನು "ನನ್ನ ಆಟ ವಿಂಡೋಸ್ 7ರಲ್ಲಿ ನಡೆಯುತ್ತೆ" ಅಂತಾನೆ. ಮೆಷಿನ್ನೂ ತಯಾರಿದೆ. ನಡುವೆ ನಿಂತ ಅಂಗಡಿಯ ಷೋಕೇಸು ತೆರೆಯಲ್ಲ, ಅದಕ್ಕೆ ಆಟ ಇಲ್ಲ. ಕ್ರೋಮ್ ಯಾಕೆ ನಿಂತಿತು? ವಿಂಡೋಸ್ ಸಪೋರ್ಟ್ ನಿಂತಿತು ಅಂತ. ಒಬ್ಬರ ಬೆನ್ನಿಗೆ ಒಬ್ಬರು. ಆ ಹೊತ್ತಿಗೆ ಸ್ಟೀಮ್‌ನವರ ಸರ್ವೆಯಲ್ಲಿ ಹಳೇ ವಿಂಡೋಸಿನವರು ನೂರಕ್ಕೆ ಒಬ್ಬರೋ ಇಬ್ಬರೋ ಅಷ್ಟೇ ಇದ್ದರು. ಅಷ್ಟು ಕಮ್ಮಿ ಜನಕ್ಕೆ ಯಾರು ಕೆಲಸ ಮಾಡ್ತಾರೆ ಅನ್ನೋದು ವ್ಯಾಪಾರದ ಲೆಕ್ಕ. ನನ್ನದು ಗುಮಾಸ್ತನ ಲೆಕ್ಕ. 2021ರಲ್ಲಿ ತಿಂಗಳಿಗೆ 13 ಕೋಟಿ 20 ಲಕ್ಷ ಜನ ಸ್ಟೀಮ್ ಬಳಸ್ತಿದ್ದರು ಅಂತ ವಾಲ್ವ್ ತಾನೇ ಹೇಳಿಕೊಂಡಿದೆ. ಅದರಲ್ಲಿ ನೂರಕ್ಕೆ ಒಬ್ಬರು ಅಂದರೂ 13 ಲಕ್ಷ ಆಯ್ತು. 2011ರ ಜನಗಣತಿಯಲ್ಲಿ ಇಡೀ ಚಾಮರಾಜನಗರ ಜಿಲ್ಲೆಯಲ್ಲಿ ಅಷ್ಟು ಜನ ಇರಲಿಲ್ಲ. "ನೂರಕ್ಕೆ ಒಂದು" ಅಂತ ಬರೆದಾಗ ಜನ ಕಾಣಲ್ಲ ನೋಡಿ, ಅದು ನಮಗೆ ಹೊಸದಲ್ಲ.

ಈಗ "ನಡೆಯಲ್ಲ" ಅಂದರೆ ಒಳಗೆ ನಿಜಕ್ಕೂ ಏನಾಗುತ್ತೆ ಅನ್ನೋದನ್ನ ಹೇಳ್ತೀನಿ. ನಾನು ಬಿಎ ಓದಿದವನು, ಇಂಜಿನಿಯರಲ್ಲ. ಆದರೂ ಇದು ನನಗೆ ಬೇಗ ಅರ್ಥವಾಯ್ತು. ಯಾಕಂದರೆ ಇದು ನಮ್ಮ ಟಪಾಲು ಸೆಕ್ಷನ್ನಿನ ಕೆಲಸವೇ.

ಯಾವ ಪ್ರೋಗ್ರಾಮೂ ಎಲ್ಲ ಕೆಲಸವನ್ನೂ ತಾನೇ ಮಾಡಲ್ಲ. ಟೈಮ್ ಎಷ್ಟು, ಫೈಲ್ ತೆಗಿ, ಪರದೆ ಮೇಲೆ ಗೆರೆ ಎಳಿ ಅಂತ ವಿಂಡೋಸನ್ನ ಕೇಳುತ್ತೆ. ವಿಂಡೋಸ್ ಆ ಕೆಲಸಗಳನ್ನ ಡಿಎಲ್‌ಎಲ್ ಅನ್ನೋ ಕಡತಗಳಲ್ಲಿ ಜೋಡಿಸಿ ಇಟ್ಟಿರುತ್ತೆ. ಆಟದ ಐಕಾನ್ ಮೇಲೆ ಡಬಲ್ ಕ್ಲಿಕ್ ಮಾಡಿದ ತಕ್ಷಣ ಆಟ ಶುರುವಾಗಲ್ಲ. ಮೊದಲು ವಿಂಡೋಸಿನ ಲೋಡರ್ ಆಟದ ಜೊತೆ ಬಂದ ಪಟ್ಟಿ ಹಿಡಿದು ನೋಡುತ್ತೆ: ಈ ಆಟಕ್ಕೆ ಏನೇನು ಬೇಕು, ನಮ್ಮಲ್ಲಿ ಅದೆಲ್ಲ ಇದೆಯಾ? ಇನ್ನೂರು ಬೇಕು ಅಂತ ಬರೆದಿದ್ದು ನೂರ ತೊಂಬತ್ತೊಂಬತ್ತು ಇದ್ದರೂ ಅಷ್ಟೇ, ಪೂರ್ತಿ ಅರ್ಜಿ ವಾಪಸ್. ಒಂದು ಲಗತ್ತು ಇಲ್ಲ ಅಂತ ಫೈಲನ್ನೇ ತಿರಸ್ಕರಿಸೋ ಹಾಗೆ. ಪರದೆ ಮೇಲೆ "ಎಂಟ್ರಿ ಪಾಯಿಂಟ್ ನಾಟ್ ಫೌಂಡ್" ಅಂತ ಒಂದು ಡಬ್ಬಿ ಬರುತ್ತೆ, ಓಕೆ ಒತ್ತಿದರೆ ಮುಗೀತು. ಇಲ್ಲದ ಆ ಲಗತ್ತು ಆಟಕ್ಕೆ ನಿಜಕ್ಕೂ ಬೇಕಾ, ಬೇಡವಾ ಅಂತ ಕೇಳೋ ಅಧಿಕಾರ ಲೋಡರಿಗಿಲ್ಲ.

ಒಂದು ಉದಾಹರಣೆ. ನಮ್ಮ ರೂಮಿನಲ್ಲಿ ಒಂದು ಸಣ್ಣ ಆಟ, ಚೌಕದ ಮೇಲೆ ಬೊಂಬೆ ನೆಗೆದಾಡೋ ಆಟ, ಇದೇ ಡಬ್ಬಿ ತೋರಿಸಿ ನಿಂತಿತು. ಇಲ್ಲದೇ ಇದ್ದದ್ದು ಗೆಟ್‌ಸಿಸ್ಟಂಟೈಮ್‌ಪ್ರಿಸೈಸ್‌ಆ್ಯಸ್‌ಫೈಲ್‌ಟೈಮ್. ಹೆಸರು ಗೂಡ್ಸ್ ಗಾಡಿಯಷ್ಟು ಉದ್ದ, ಕೆಲಸ ಮಾತ್ರ ಟೈಮ್ ಹೇಳೋದು. ಇದು ಬಂದಿದ್ದು ವಿಂಡೋಸ್ 8ರಲ್ಲಿ. ವಿಂಡೋಸ್ 7ರಲ್ಲಿ ಇದರ ಅಣ್ಣ ಇದ್ದಾನೆ, ನಡುವಿನ "ಪ್ರಿಸೈಸ್" ಅನ್ನೋ ಮಾತು ಇಲ್ಲದವನು. ಅವನೂ ಟೈಮ್ ಹೇಳ್ತಾನೆ, ಅಷ್ಟು ಕರಾರುವಾಕ್ಕಾಗಿ ಹೇಳಲ್ಲ. ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಆಚೀಚೆ ಆಗುತ್ತೆ. ಬೊಂಬೆ ನೆಗೆಯೋದಕ್ಕೆ ಆ ಕರಾರುವಾಕ್ಕು ಬೇಕಾ? ಬೇಡ. ಆಟ ಬರೆದವನಿಗೂ ಅದು ಬೇಕಿರಲಿಲ್ಲ. ಅವನು ಬಳಸಿದ ಹೊಸ ಟೂಲ್ ತಾನಾಗೇ ಅದನ್ನ ಪಟ್ಟಿಗೆ ಸೇರಿಸಿತ್ತು.

ಇಂಥ ಕಡೆ ಕೆಲಸಕ್ಕೆ ಬರೋದು ವಿಎಕ್ಸ್‌ಕೆಕ್ಸ್ ಅನ್ನೋ ಪುಕ್ಕಟೆ ಸಾಫ್ಟ್‌ವೇರ್. ಇದನ್ನ ಕಂಪನಿ ಮಾಡಿದ್ದಲ್ಲ. ಹೆಸರು ಹೇಳಿಕೊಳ್ಳದ ಒಬ್ಬರು ಬರೆದು ಕೋಡನ್ನ ಬಿಚ್ಚಿಟ್ಟರು, ಆಮೇಲೆ ಬೇರೆಯವರೂ ಅದನ್ನ ಮುಂದುವರಿಸಿದ್ದಾರೆ. ಇದು ಮಾಡೋದು ಇಷ್ಟೇ: ಲೋಡರ್ "ಈ ಲಗತ್ತು ಎಲ್ಲಿ" ಅಂದಾಗ, "ತಗೊಳ್ಳಿ ಸ್ವಾಮಿ" ಅಂತ ಒಂದನ್ನ ಕೊಡುತ್ತೆ. ವಿಂಡೋಸ್ 8ರಲ್ಲೋ 10ರಲ್ಲೋ ಬಂದ ಸೌಲಭ್ಯಗಳಲ್ಲಿ ಎಷ್ಟೋ ಇದರಲ್ಲಿವೆ. ಹಾಕಿಕೊಂಡ ಮೇಲೆ ಆಟದ ಫೈಲ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಅಲ್ಲಿ ವಿಎಕ್ಸ್‌ಕೆಕ್ಸ್ ಅಂತ ಹೊಸ ಟ್ಯಾಬ್, ಟಿಕ್ ಹಾಕಿ ಓಕೆ. ಆಟ "ಇದು ಯಾವ ವಿಂಡೋಸು" ಅಂತ ವಿಚಾರಿಸಿದರೆ "10" ಅಂತ ಹೇಳೋ ಹಾಗೂ ಮಾಡಬಹುದು. ಅದೇ ಬೊಂಬೆ ಆಟ ಆ ಟಿಕ್ ಹಾಕಿದ ಮೇಲೆ ಶುರುವಾಯ್ತು, ಇವತ್ತಿಗೂ ನಡೀತಿದೆ. ಇದು ಇವತ್ತಿನ ಕೆಲಸವೂ ಅಲ್ಲ. ವಿಂಡೋಸ್ 98 ಇಟ್ಟುಕೊಂಡಿದ್ದವರಿಗೆ ಎಕ್ಸ್‌ಪಿ ಕಾಲದ ಪ್ರೋಗ್ರಾಮ್ ನಡೆಸೋಕೆ ಕರ್ನಲ್‌ಎಕ್ಸ್ ಅಂತ ಇಂಥದ್ದೇ ಒಂದಿತ್ತು. ಪ್ರತೀ ಸಲ ಬಾಗಿಲು ಮುಚ್ಚಿದಾಗಲೂ ಯಾರೋ ಪುಣ್ಯಾತ್ಮರು ರಾತ್ರಿ ಕೂತು ಕಿಟಕಿ ತೆಗೆದಿದ್ದಾರೆ.

ವಿಎಕ್ಸ್‌ಕೆಕ್ಸ್‌ಗೂ ಮೊದಲು ನೋಡಬೇಕಾದ್ದು ಇನ್ನೊಂದಿದೆ. "ಎಪಿಐ-ಎಂಎಸ್-ವಿನ್-ಸಿಆರ್‌ಟಿ" ಅಂತ ಶುರುವಾಗೋ ಫೈಲ್ ಇಲ್ಲ ಅಂದರೆ ಹೆದರಬೇಡಿ, ಅದಕ್ಕೆ ಮೈಕ್ರೋಸಾಫ್ಟಿನದೇ ಅಪ್‌ಡೇಟ್ ಇದೆ, ನಂಬರ್ ಕೆಬಿ2999226. ಡೈರೆಕ್ಟ್‌ಎಕ್ಸ್ 11 ಆಟಗಳು ತಕರಾರು ಮಾಡಿದರೆ ಕೆಬಿ2670838. ಇವೆರಡಕ್ಕೂ ಮುಂಚೆ ಸರ್ವೀಸ್ ಪ್ಯಾಕ್ 1 ಇರಲೇಬೇಕು. ನಂಬರ್‌ಗಳನ್ನ ಬರೆದಿಟ್ಟುಕೊಳ್ಳಿ. ಇಲ್ಲದ ಡಿಎಲ್‌ಎಲ್ ಫೈಲನ್ನ ಮಾತ್ರ ಗೂಗಲ್ ಮಾಡಿ, "ಡಿಎಲ್‌ಎಲ್ ಡೌನ್‌ಲೋಡ್" ಅನ್ನೋ ಸೈಟಿನಿಂದ ಒಂದೊಂದೇ ಇಳಿಸಿ ತುಂಬಬೇಡಿ. ವೈರಸ್ ಬರೋ ರಾಜಮಾರ್ಗ ಅದು.

"ಅಷ್ಟು ಹಳೇದಕ್ಕೆ ಹೊಸದನ್ನ ಕೂರಿಸೋಕೆ ಆಗಲ್ಲ ಕಣಪ್ಪ, ಟೆಕ್ನಿಕಲ್ ಆಗಿ ಸಾಧ್ಯವಿಲ್ಲ" ಅಂತ ವಾದ ಮಾಡೋ ಐಟಿ ಗೆಳೆಯರು ಇದ್ದಾರೆ. ಅವರಿಗೆ ಒಂದು ಮಾತು. ಡೈರೆಕ್ಟ್‌ಎಕ್ಸ್ 12 ಬಂದಿದ್ದು 2015ರಲ್ಲಿ, ವಿಂಡೋಸ್ 10ರ ಜೊತೆಗೆ. ಅದು ವಿಂಡೋಸ್ 7ಕ್ಕೆ ಇಲ್ಲ ಅಂತಲೇ ಎಲ್ಲರೂ ಅಂದುಕೊಂಡಿದ್ದರು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅನ್ನೋ ದೊಡ್ಡ ಆಟದ ಕಂಪನಿ ಬ್ಲಿಝಾರ್ಡ್ ಕೇಳಿದ ಮೇಲೆ, 2019ರ ಮಾರ್ಚಿನಲ್ಲಿ ಮೈಕ್ರೋಸಾಫ್ಟ್ ತಾನೇ ಅದನ್ನ ವಿಂಡೋಸ್ 7ಕ್ಕೆ ತಂದುಕೊಟ್ಟಿತು. ಸಪೋರ್ಟ್ ಮುಗಿಯೋಕೆ ಇನ್ನು ಹತ್ತು ತಿಂಗಳಿತ್ತು. ಸಾಧ್ಯ ಇತ್ತು ಅಂತ ಆಯ್ತಲ್ಲ? ಕೇಳಿದವರು ದೊಡ್ಡವರಾಗಿದ್ದರು, ಅಷ್ಟೇ. (ನಮ್ಮ ಡಬ್ಬದ ಗ್ರಾಫಿಕ್ಸ್‌ಗೆ ಡೈರೆಕ್ಟ್‌ಎಕ್ಸ್ 12 ಹೇಗೂ ಬರಲ್ಲ, ಅದು ಹಾರ್ಡ್‌ವೇರ್ ಮಿತಿ. ಅದನ್ನ ಒಪ್ಪುತ್ತೀನಿ. ಮೆಷಿನ್ನಿಗೆ ಆಗದ್ದು ಬೇರೆ, ಆಗೋದನ್ನ ಆಗಲ್ಲ ಅಂತ ಬರೆಯೋದು ಬೇರೆ.) ಕ್ರೋಮ್ ಬಿಟ್ಟುಹೋದ ಮೇಲೂ ಮೊಜಿಲ್ಲಾದವರು ಫೈರ್‌ಫಾಕ್ಸ್ 115ರ ಇಎಸ್‌ಆರ್ ಆವೃತ್ತಿಗೆ ವಿಂಡೋಸ್ 7ರಲ್ಲಿ ವಾಯಿದೆ ಮುಂದಕ್ಕೆ ಹಾಕಿ ಹಾಕಿ ಅಪ್‌ಡೇಟ್ ಕೊಟ್ಟರು. ಮನಸ್ಸಿದ್ದವರು ಮಾಡಿದ್ದಾರೆ.

ಹಾಗಂತ ಕಂಪನಿಯವರು ಹೇಳೋ ಅಪಾಯವೆಲ್ಲ ಬೊಗಳೆ ಅಂತ ತಿಳೀಬೇಡಿ. ಈ ಭಾಗವನ್ನ ದಯವಿಟ್ಟು ಬಿಡದೆ ಓದಿ.

2017ರ ಮೇ ತಿಂಗಳಲ್ಲಿ ವಾನಾಕ್ರೈ ಅಂತ ಒಂದು ಪಿಡುಗು ಲೋಕವೆಲ್ಲ ಹಬ್ಬಿತು. ಕಂಪ್ಯೂಟರಿನ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳೋದು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಆಪರೇಷನ್ನುಗಳೇ ನಿಂತವು. ಅದು ನುಗ್ಗಿದ ಬಿಲವನ್ನ ಮುಚ್ಚೋ ಅಪ್‌ಡೇಟನ್ನ ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ ಕೊಟ್ಟಿತ್ತು. ಹಾಕಿಕೊಳ್ಳದವರು ಬಿದ್ದರು, ಬಿದ್ದ ಮೆಷಿನ್‌ಗಳಲ್ಲಿ ಬಹುಪಾಲು ವಿಂಡೋಸ್ 7. ಆಗ ಹಾಕಿಕೊಳ್ಳೋಕೆ ಅಪ್‌ಡೇಟ್ ಆದರೂ ಇತ್ತು. ಈಗ ಹೊಸ ಬಿಲ ಬಿದ್ದರೆ ವಿಂಡೋಸ್ 7ಕ್ಕೆ ಮುಚ್ಚೋರೇ ಇಲ್ಲ. ವಿಎಕ್ಸ್‌ಕೆಕ್ಸ್ ಆಟ ನಡೆಸುತ್ತೆ, ಬಿಲ ಮುಚ್ಚಲ್ಲ.

ಅದಕ್ಕೇ ನಮ್ಮ ರೂಮಿನಲ್ಲಿ ವಿಂಡೋಸ್ 7 ಇರೋ ಎರಡು ಮೆಷಿನ್ನಿಗೆ ನೆಟ್ ವೈರೇ ಇಲ್ಲ. ಕಿತ್ತುಹಾಕಿದ್ದೀವಿ. ಆಟ ಪೆನ್‌ಡ್ರೈವಿನಲ್ಲಿ ಬರುತ್ತೆ, ಆ ಪೆನ್‌ಡ್ರೈವ್ ಬೇರೆ ಕೆಲಸಕ್ಕೆ ಬಳಸಲ್ಲ. ಎಸ್‌ಎಸ್‌ಪಿ ಸ್ಕಾಲರ್‌ಶಿಪ್ ಅರ್ಜಿ, ಜಾತಿ ಪ್ರಮಾಣಪತ್ರ, ಆಧಾರ್, ಅಮ್ಮನ ಬ್ಯಾಂಕ್ ಖಾತೆ, ಇದ್ಯಾವುದನ್ನೂ ಆ ಎರಡರಲ್ಲಿ ಮುಟ್ಟೋ ಹಾಗಿಲ್ಲ. ಗೋಡೆ ಮೇಲೆ ಮಾರ್ಕರಿನಲ್ಲಿ ಬರೆದಿದ್ದೀವಿ. ವರ್ಷಕ್ಕೊಂದು ಸಲ ಬರೋ ಸ್ಕಾಲರ್‌ಶಿಪ್ಪನ್ನ ಒಂದು ಗೇಮ್‌ಗೋಸ್ಕರ ಯಾವನೋ ಕಳ್ಳನ ಕೈಗೆ ಕೊಡೋಕಾಗಲ್ಲ.

ನೆಟ್ ಇರೋ ಇನ್ನೆರಡು ಮೆಷಿನ್ನಿಗೆ ಲಿನಕ್ಸ್ ಮಿಂಟ್ ಹಾಕಿದ್ದೀವಿ. ಪುಕ್ಕಟೆ, ಅಪ್‌ಡೇಟೂ ಬರುತ್ತೆ. ಕಬ್ಬಿಣ ಅದೇ 2012ರದು, ಇದರ ಮೇಲೆ ಇವತ್ತಿನ ಸಾಫ್ಟ್‌ವೇರ್ ಕೂತಿದೆ. ನಿಧಾನ ಅಂದರೆ ಹಳೇ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ, ಎಲ್ಲಕ್ಕಿಂತ ಕಮ್ಮಿ ಖರ್ಚಿನಲ್ಲಿ ಮೆಷಿನ್ನಿಗೆ ಜೀವ ಬರೋದು ಅದರಿಂದಲೇ. ವಿಂಡೋಸ್ ಆಟಗಳನ್ನ ಲಿನಕ್ಸಿನಲ್ಲಿ ನಡೆಸೋಕೆ ವೈನ್ ಅನ್ನೋ ಯೋಜನೆ 1993ರಿಂದ ನಡೀತಿದೆ. ಅದರ ಮೇಲೆ ಕಟ್ಟಿ 2018ರಲ್ಲಿ ಪ್ರೋಟಾನ್ ಅಂತ ತಂದವರು ಯಾರು ಗೊತ್ತಾ? ಅದೇ ವಾಲ್ವ್. ಒಂದು ಕೈಯಲ್ಲಿ ಬಾಗಿಲು ಹಾಕಿದವರೇ ಇನ್ನೊಂದು ಕೈಯಲ್ಲಿ ಹಿತ್ತಿಲ ಬಾಗಿಲು ತೆಗೆದಿದ್ದಾರೆ, ಇದನ್ನೂ ಹೇಳಬೇಕು. ಪ್ರೋಟಾನ್ ಒಳಗಿನ ಡಿಎಕ್ಸ್‌ವಿಕೆ ಅನ್ನೋ ಭಾಗಕ್ಕೆ ವಲ್ಕನ್ ಪೂರ್ತಿ ಬರೋ ಗ್ರಾಫಿಕ್ಸ್ ಬೇಕು, ನಮ್ಮ ಡಬ್ಬದಲ್ಲಿ ಅದಿಲ್ಲ. ಆಟದ ಲಾಂಚ್ ಆಪ್ಷನ್ನಿನಲ್ಲಿ ವೈನ್‌ಡಿ3ಡಿ ಬಳಸು ಅಂತ ಹೇಳಿದರೆ ಓಪನ್‌ಜಿಎಲ್ ಮೇಲೆ ನಡೆಯುತ್ತೆ. ಸ್ವಲ್ಪ ಕುಂಟುತ್ತೆ. ಎರಡು ಆಯಾಮದ ಆಟಗಳಿಗೆ ಸಾಕು.

ಆಗದ್ದನ್ನೂ ಹೇಳಿಬಿಡ್ತೀನಿ, ಆಮೇಲೆ ಹುಡುಗರ ಮುಂದೆ ನೀವು ಪೆಚ್ಚಾಗಬಾರದು. ವ್ಯಾಲರೆಂಟ್ ಥರದ ಆನ್‌ಲೈನ್ ಆಟಗಳು ಈ ಯಾವ ದಾರಿಯಲ್ಲೂ ನಡೆಯಲ್ಲ. ಮೋಸ ತಡೆಯೋಕೆ ಅಂತ ಅವು ವಿಂಡೋಸಿನ ಬುಡದಲ್ಲಿ ಒಂದು ಕಾವಲುಗಾರನನ್ನ ಕೂರಿಸುತ್ತವೆ, ಅವನು ಹಳೇ ವಿಂಡೋಸನ್ನೂ ಒಪ್ಪಲ್ಲ, ಲಿನಕ್ಸನ್ನೂ ಒಪ್ಪಲ್ಲ. ಕಣ್ಣು ತಪ್ಪಿಸಿ ನುಗ್ಗೋಕೆ ಹೋದರೆ ಅಕೌಂಟೇ ಹೋಗುತ್ತೆ. ನಮ್ಮ ಪಿಯುಸಿ ಹುಡುಗರು ಇದೊಂದಕ್ಕೆ ನನ್ನ ಮೇಲೆ ಇನ್ನೂ ಮುನಿಸಿಕೊಂಡಿದ್ದಾರೆ.

ಇಷ್ಟೆಲ್ಲ ಕಷ್ಟ ಗೇಮ್‌ಗೋಸ್ಕರ ಯಾಕಣ್ಣ ಅಂತ ಕೇಳಿದಿರಲ್ಲ, ಅದಕ್ಕೆ ಬರ್ತೀನಿ.

ಸ್ಟಾರ್‌ಡ್ಯೂ ವ್ಯಾಲಿ ಅಂತ ಒಂದು ಆಟ ಇದೆ. 2016ರಲ್ಲಿ ಬಂದದ್ದು. ಎರಿಕ್ ಬರೋನ್ ಅನ್ನೋ ಅಮೆರಿಕದವರು ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಒಬ್ಬರೇ ಕೂತು ಮಾಡಿದ್ದು. ಚಿತ್ರ, ಸಂಗೀತ, ಕೋಡ್ ಎಲ್ಲ ಒಬ್ಬರದೇ. ಗುಂಡು ಹೊಡೆಯೋ ಆಟವಲ್ಲ, ಬೇಸಾಯದ ಆಟ. ಹಳೇ ಮೆಷಿನ್ನಿನವರಿಗೆ ಅಂತಲೇ ಸ್ಟೀಮ್‌ನಲ್ಲಿ "ಕಂಪಾಟಿಬಿಲಿಟಿ" ಅಂತ ಬೇರೆ ಆವೃತ್ತಿ ಇಟ್ಟಿದ್ದಾರೆ, ಇಂಥವರಿಗೆ ಕೈ ಮುಗೀಬೇಕು. ನನ್ನ ಲ್ಯಾಪ್‌ಟಾಪಿನಲ್ಲಿ ಇಳಿಸಿ ಫೋಲ್ಡರನ್ನ ತಂದು ಹಾಕಿದರೆ ಸ್ಟೀಮ್ ಇಲ್ಲದೆಯೂ ತೆರೆಯುತ್ತೆ. ಐನೂರರ ಒಳಗಿನ ಆಟ. ಎರಡು ಮೆಷಿನ್ನಿಗೆ ಎರಡು ಸಲ ಕೊಂಡಿದ್ದೀವಿ. ಕದ್ದು ಹಾಕಿದ್ದು ಒಂದೂ ಇಲ್ಲ. ನಮ್ಮ ರೂಮಿನ ಮೇಲೆ ಆ ಮಾತು ಬರಬಾರದು ಅಂತ ಹುಡುಗರೇ ಚಂದಾ ಹಾಕಿದ್ದು.

ಆಟ ಶುರುವಾಗೋದು ಒಬ್ಬ ತಾತನ ಪತ್ರದಿಂದ. ಸಾಯೋ ಮುಂಚೆ ತಾತ ಒಂದು ಲಕೋಟೆ ಕೊಟ್ಟಿರ್ತಾರೆ. ಮೊಮ್ಮಗ ಪಟ್ಟಣದ ಆಫೀಸಿನಲ್ಲಿ ಕತ್ತೆ ಥರ ದುಡಿದು ಸಾಕಾದ ದಿನ ಅದನ್ನ ಒಡೆದು ನೋಡಿದರೆ, ತಾತನ ಹೊಲ ಇನ್ನು ಅವನದು. ಏಳನೇ ಕ್ಲಾಸಿನ ಒಬ್ಬ ಹುಡುಗ ಇಂಗ್ಲಿಷನ್ನ ಅಕ್ಷರ ಅಕ್ಷರ ಕೂಡಿಸಿ ಓದಿದ. ಓದಿ ನನ್ನ ಕಡೆ ತಿರುಗಿ, "ಅಣ್ಣ, ಇವ್ನ ತಾತನ್ಗೆ ಹೊಲ ಯಾರ್ ಕೊಟ್ರು?" ಅಂದ.

ಅವನ ತಾತ ನನಗೆ ಗೊತ್ತು. ಜೀವಮಾನವೆಲ್ಲ ಬೇರೆಯವರ ಗದ್ದೆಯಲ್ಲಿ ನಾಟಿ ಹಾಕಿಸಿದವರು. ಒಂದು ಗುಂಟೆ ಹೆಸರಿಗಿಲ್ಲ. ನಾನು ಉಳುವವನೇ ಭೂಮಿಯ ಒಡೆಯ ಅನ್ನೋದರಿಂದ ಶುರು ಮಾಡಿ, ಗೇಣಿ ಚೀಟಿ ಯಾರ ಹೆಸರಲ್ಲಿತ್ತು, ಕೂಲಿ ಮಾಡಿದವರಿಗೆ ಆ ಕಾನೂನಿನಲ್ಲಿ ಜಾಗ ಯಾಕೆ ಇರಲಿಲ್ಲ, 1978ರ ಪಿಟಿಸಿಎಲ್ ಕಾಯ್ದೆ ಏನು, ಎಲ್ಲ ಹೇಳಿದೆ. ಎರಡು ವರ್ಷದಿಂದ ಅಧ್ಯಯನ ಶಿಬಿರದಲ್ಲಿ ಇದನ್ನೇ ಹೇಳ್ತಿದ್ದೆ, ಹುಡುಗರು ಆಕಳಿಸ್ತಿದ್ದರು. ಅವತ್ತು ನಾಲ್ಕು ಜನ ಕುರ್ಚಿ ಎಳ್ಕೊಂಡು ಬಂದು ಕೂತರು. ಆಮೇಲೆ ಅವನು ಆಟದಲ್ಲಿ ಹೊಲಕ್ಕೆ ತನ್ನ ತಾತನ ಹೆಸರಿಟ್ಟ. ಮೂಲಂಗಿ ಜಾತಿಯದೇನೋ ಬೆಳೆದ.

ಇದನ್ನ ಹೇಳಿ "ನೋಡಿ, ಗೇಮ್‌ನಿಂದಲೂ ಜ್ಞಾನ ಬರುತ್ತೆ" ಅಂತ ವಕಾಲತ್ತು ಮಾಡ್ತಿಲ್ಲ. ಜ್ಞಾನ ಬರದೇ ಇದ್ದರೂ ಪರವಾಗಿಲ್ಲ ಅಂತಲೇ ನನ್ನ ವಾದ. ನಮ್ಮ ಮಕ್ಕಳು ಕೂತ ಪ್ರತೀ ಗಂಟೆಗೂ ನಾವು ಲೆಕ್ಕ ಕೇಳ್ತೀವಿ. ಕೆಎಎಸ್‌ಗೆ ಓದ್ತಿದ್ದೀಯಾ, ಪಿಎಸ್‌ಐಗೆ ಓದ್ತಿದ್ದೀಯಾ, ಟೈಪಿಂಗ್ ಆಯ್ತಾ. ಬೇರೆಯವರ ಮಕ್ಕಳು ಲಕ್ಷ ರೂಪಾಯಿಯ ಮೆಷಿನ್ ಮುಂದೆ ಕೂತು ರಾತ್ರಿಯಿಡೀ ಆಡಿದರೆ ಯಾರೂ "ಸಮಾಜಕ್ಕೇನು ಲಾಭ" ಅಂತ ಕೇಳಲ್ಲ. ಮಕ್ಕಳ ಹಕ್ಕುಗಳ ವಿಶ್ವಸಂಸ್ಥೆ ಒಡಂಬಡಿಕೆಗೆ ಭಾರತ 1992ರಲ್ಲೇ ಸೇರಿದೆ. ಅದರ 31ನೇ ವಿಧಿ ಓದಿ: ವಿರಾಮ ಮತ್ತು ಆಟ ಮಕ್ಕಳ ಹಕ್ಕು. ಅದರಲ್ಲಿ "ಓದಿ ಮುಗಿಸಿದ ಮೇಲೆ" ಅಂತ ಇಲ್ಲ.

ಅಂದ ಹಾಗೆ ಸಂಜೆ ಐದರಿಂದ ಆರು ಹೆಣ್ಣುಮಕ್ಕಳಿಗೆ ಮಾತ್ರ. ಹಾಗೆ ಗೆರೆ ಹಾಕದಿದ್ದರೆ ಗಂಡುಹುಡುಗರು ಕುರ್ಚಿ ಬಿಡಲ್ಲ. ನಮ್ಮ ಕೇರಿಯೊಳಗೂ ಬಾಗಿಲು ಕಾಯೋರು ಇದ್ದಾರೆ ಸ್ವಾಮಿ. ಮೇಲೆ ಹೇಳಿದ ಕೆಬಿ ನಂಬರ್‌ಗಳನ್ನ ಹುಡುಕಿ ಪಟ್ಟಿ ಮಾಡಿದ್ದು ಆ ಐದು ಗಂಟೆಯ ಗುಂಪಿನ ಒಬ್ಬ ಹುಡುಗಿ. ಕಂಪ್ಯೂಟರ್ ಸರ್ಟಿಫಿಕೇಟ್ ಕೋರ್ಸಿನಲ್ಲಿ ಅವಳಿಗೆ ಯಾರೂ ಎರರ್ ಡಬ್ಬಿಯನ್ನ ಓದೋಕೆ ಹೇಳಿಕೊಟ್ಟಿರಲಿಲ್ಲ, ಮುಚ್ಚೋಕೆ ಹೇಳಿಕೊಟ್ಟಿದ್ದರು.

ಈಗ ಇದು ವಿಂಡೋಸ್ 7ರ ಮಾತಷ್ಟೇ ಅಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟೂ ಮುಗೀತು. 11ಕ್ಕೆ ಹೋಗೋಣ ಅಂದರೆ ಟಿಪಿಎಂ 2.0 ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಮ್ಮಿ ಎಂಟನೇ ತಲೆಮಾರಿನ ನಂತರದ್ದೇ ಬೇಕು. ಅಂದರೆ 2017ಕ್ಕಿಂತ ಹಿಂದಿನ ಮೆಷಿನ್‌ಗಳು ಎಷ್ಟೇ ಚೆನ್ನಾಗಿ ಓಡ್ತಿದ್ದರೂ ಅನರ್ಹ. ಒಂದು ವರ್ಷ ಹೆಚ್ಚುವರಿ ಅಪ್‌ಡೇಟಿಗೆ 30 ಡಾಲರ್ ಕೊಡಿ, ಇಲ್ಲ ನಿಮ್ಮ ಸೆಟ್ಟಿಂಗ್ಸ್ ನಮ್ಮ ಕ್ಲೌಡಿಗೆ ಹಾಕಿ, ಇಲ್ಲ ನಮ್ಮ ಪಾಯಿಂಟ್ಸ್ ಕೊಡಿ ಅಂತ ಮೈಕ್ರೋಸಾಫ್ಟ್ ಹೇಳಿತು. ಯುರೋಪಿನಲ್ಲಿ ಗ್ರಾಹಕ ಸಂಘಟನೆಗಳು ಜಗಳ ತೆಗೆದವು. ಅಲ್ಲಿನವರಿಗೆ ಆ ಷರತ್ತು ಬಿಟ್ಟು ಪುಕ್ಕಟೆ ಮಾಡಿದರು. ಮತ್ತೆ ಅದೇ, ಕೇಳಿದವರಿಗೆ ಸಿಕ್ಕಿತು. ವಿಂಡೋಸ್ 10 ಹೀಗೆ ನಿಂತರೆ 24 ಕೋಟಿ ಕಂಪ್ಯೂಟರ್ ಕಸವಾಗಬಹುದು ಅಂತ ಕ್ಯಾನಲಿಸ್ ಸಂಸ್ಥೆ 2023ರಲ್ಲೇ ಅಂದಾಜು ಹೇಳಿತ್ತು.

ಕಸ ಅಂದ ಮೇಲೆ ಅದು ಎಲ್ಲಿಗೆ ಹೋಗುತ್ತೆ ಅನ್ನೋದು ಈ ಪೋಸ್ಟ್ ಓದೋರಿಗೆ ಹೇಳಬೇಕಾಗಿಲ್ಲ. 2022ರಲ್ಲಿ ಲೋಕದಲ್ಲಿ 6 ಕೋಟಿ 20 ಲಕ್ಷ ಟನ್ ಇ-ಕಸ ಬಿತ್ತು, ಲೆಕ್ಕಕ್ಕೆ ಸಿಕ್ಕು ಸರಿಯಾಗಿ ವಿಲೇವಾರಿ ಆದದ್ದು ಅದರಲ್ಲಿ ಕಾಲು ಭಾಗಕ್ಕೂ ಕಮ್ಮಿ ಅಂತ ವಿಶ್ವಸಂಸ್ಥೆಯ ವರದಿ ಇದೆ. ದಿಲ್ಲಿಯ ಸೀಲಂಪುರದ ಗಲ್ಲಿಗಳಲ್ಲಿ ಬರಿಗೈಯಲ್ಲಿ ಬೋರ್ಡು ಒಡೆಯೋರು, ತಾಮ್ರಕ್ಕೋಸ್ಕರ ವೈರ್ ಸುಟ್ಟು ಆ ಹೊಗೆ ಕುಡಿಯೋರು ಯಾವ ಜನ ಅಂತ ನಿಮಗೇ ಗೊತ್ತು. ಕಂಪ್ಯೂಟರ್ ಹೊಸದಾಗಿದ್ದಾಗ ನಮ್ಮ ಮನೆಗೆ ಬರಲ್ಲ, ಕಸವಾದ ಮೇಲೆ ನಮ್ಮ ಕೈಗೇ ಬರುತ್ತೆ. ನಡುವೆ ಒಂದು ಐದಾರು ವರ್ಷ ಅದು ನಮ್ಮ ಮಕ್ಕಳ ಮುಂದೆ ಕೂರಲಿ ಅಂತ ನಾನು ಕೇಳ್ತಿರೋದು.

ಆಫೀಸುಗಳಲ್ಲಿ ಇರೋ ನಮ್ಮ ನೌಕರ ಬಂಧುಗಳಿಗೆ ಒಂದು ವಿನಂತಿ. ವಿಂಡೋಸ್ 10 ಮುಗೀತು ಅಂತ ಈ ವರ್ಷ ರಾಶಿ ರಾಶಿ ಮೆಷಿನ್‌ಗಳನ್ನ "ಕಂಡೆಮ್" ಮಾಡ್ತಾರೆ. ಫೈಲ್ ನಿಮ್ಮ ಮೇಜಿಗೆ ಬಂದಾಗ ಸುಮ್ಮನೆ ಟಿಪ್ಪಣಿ ಬರೆದು ಮೇಲಕ್ಕೆ ಕಳಿಸಬೇಡಿ. 2023ರ ಏಪ್ರಿಲ್‌ನಿಂದ ಜಾರಿಯಾದ ಇ-ತ್ಯಾಜ್ಯ ನಿಯಮಗಳಲ್ಲಿ "ರಿಫರ್ಬಿಷರ್" ಅಂತ ಒಂದು ವರ್ಗ ಇದೆ, ಅಂದರೆ ರಿಪೇರಿ ಮಾಡಿ ಮತ್ತೆ ಬಳಕೆಗೆ ಕೊಡೋ ನೋಂದಾಯಿತರು. ಒಡೆಯೋರಿಗೇ ಕೊಡಬೇಕು ಅಂತೇನಿಲ್ಲ. ಅವರಿಗೆ ಕೊಟ್ಟರೆ ಮೆಷಿನ್ ಜೀವಂತ ಹೊರಗೆ ಬರುತ್ತೆ, ನಮ್ಮಂಥವರು ಅಲ್ಲಿಂದ ಕೊಳ್ಳಬಹುದು. ನಾಲ್ಕನೇ ತಲೆಮಾರಿನ ಮೇಲಿನ ಐ3, ಐ5 ಸಿಕ್ಕರೆ ಬಿಡಬೇಡಿ. ಹಾರ್ಡ್‌ಡಿಸ್ಕ್ ಪೂರ್ತಿ ಅಳಿಸಿದ ಮೇಲೆಯೇ ಹೊರಗೆ ಹೋಗಲಿ, ಆಫೀಸಿನ ಮಾಹಿತಿ ಅದರಲ್ಲಿರುತ್ತೆ.

ವಿಎಕ್ಸ್‌ಕೆಕ್ಸ್, ಆ ಎರಡು ಅಪ್‌ಡೇಟ್, ಮಿಂಟ್ ಹಾಕೋ ಪೆನ್‌ಡ್ರೈವ್ ನಮ್ಮ ರೂಮಿನಲ್ಲಿ ಯಾವಾಗಲೂ ತಯಾರಿರುತ್ತೆ. ಬೇಕಾದವರು ಭಾನುವಾರ ಹನ್ನೊಂದರ ಮೇಲೆ 16 ಜಿಬಿಯ ಖಾಲಿ ಪೆನ್‌ಡ್ರೈವ್ ಹಿಡ್ಕೊಂಡು ಬನ್ನಿ, ಕಾಪಿ ಮಾಡಿಕೊಡ್ತೀವಿ. ಐದು ಗಂಟೆ ಒಳಗೆ ಬನ್ನಿ, ಆಮೇಲೆ ಕುರ್ಚಿ ಸಿಗಲ್ಲ.